ಅಟೆಂಡರ್ ಯಾರು?

"ಅಟೆಂಡರ್ ಯಾರ್ರೀ ಇಲ್ಲಿ?" ಅಂತ ನರ್ಸ್ ಕೂಗಿದ ಕೂಡಲೇ ಓಪಿಡಿ ಬೆಂಚಿನ ಮೇಲಿದ್ದವರಲ್ಲಿ ಕಿವಿ ಕೇಳುವವರು, ಕಾಲು ಆಡುವವರು ಎದ್ದು ನಿಲ್ಲುತ್ತಾರೆ. ಚೀಟಿಯಲ್ಲಿ ಹೆಸರಿರುವವರು ಕೂತೇ ಇರುತ್ತಾರೆ. ಒಳಗೆ ಹೋದ ಮೇಲೂ ಅಷ್ಟೇ. ಎಷ್ಟು ದಿನದಿಂದ ನೋವು, ಊಟ ಸೇರುತ್ತಾ, ಮುಟ್ಟು ಸರಿಯಾಗಿದೆಯಾ ಎಂಬ ಪ್ರಶ್ನೆಗಳೆಲ್ಲ ಅಣ್ಣನಿಗೋ ಅತ್ತೆಗೋ ಹೋಗುತ್ತವೆ. ಉತ್ತರವೂ ಅವರದೇ. ರೋಗಿಯ ಪಾಲಿಗೆ ಬರುವುದು ನಾಲಿಗೆ ಚಾಚುವುದು ಮಾತ್ರ. ಆಸ್ಪತ್ರೆಗಳ ವಿರುದ್ಧ ಅಂಗವಿಕಲರ ಪರವಾಗಿ ವಕಾಲತ್ತು ಹಾಕುತ್ತ ಇಪ್ಪತ್ತು ವರ್ಷ ಕಳೆದಿದ್ದೇನೆ. ತರಬೇತಿಗೆ ಕರೆದಾಗಲೆಲ್ಲ ಇದೇ ಪ್ರಶ್ನೆ ಹಿಡಿದುಕೊಂಡು ವೈದ್ಯರಿಗೆ ಪಾಠ ಹೇಳಿದ್ದೇನೆ, ಅವರು ತಲೆ ತಗ್ಗಿಸಿ ಕೇಳಿಸಿಕೊಂಡಿದ್ದಾರೆ, ನಾನು ಕೊಂಚ ಉಬ್ಬಿಯೂ ಇದ್ದೇನೆ.

ಹೋದ ತಿಂಗಳು ಆಫೀಸು ಬದಲಾಯಿಸುವಾಗ ಹಳೇ ಫೈಲುಗಳನ್ನು ವಿಲೇವಾರಿ ಮಾಡಬೇಕಾಯಿತು. ಗುಮಾಸ್ತರು ಗೋಣಿಚೀಲಕ್ಕೆ ತುಂಬುತ್ತಿದ್ದರು, ನಾನು ಒಂದೊಂದನ್ನೇ ತಿರುವಿ ಹಾಕುತ್ತಿದ್ದೆ. 2010ರ ಒಂದು ಹಳದಿ ಫೈಲು ಕೈಗೆ ಸಿಕ್ಕಿತು. ಒಳಗೆ ನನ್ನದೇ ಕೈಬರಹದ ನಾಲ್ಕು ಪುಟದ ಟಿಪ್ಪಣಿ. ಮೇಲ್ಗಡೆ "ಕಕ್ಷಿದಾರಳು ಹೇಳುವುದೇನೆಂದರೆ" ಎಂದು ಗೆರೆ ಎಳೆದು ಬರೆದಿದ್ದೇನೆ. ಕೆಳಗಿರುವ ಒಂದು ಮಾತೂ ಅವಳದಲ್ಲ. ನಾಲ್ಕು ಪುಟವೂ ಅವಳ ಅಣ್ಣ ಹೇಳಿದ್ದು.

ಹಳದಿ ಫೈಲು

ಅವಳಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಕಿವುಡ ಮಕ್ಕಳ ಶಾಲೆಯಲ್ಲಿ ಹತ್ತನೇ ತರಗತಿಯವರೆಗೆ ಓದಿದ್ದಳು. ಮೊದಲ ಹೆರಿಗೆಯಲ್ಲಿ ಸಿಸೇರಿಯನ್ ಮಾಡಿದರು. ಅದರ ಜೊತೆಗೇ ಮಕ್ಕಳಾಗದ ಹಾಗೆ ಆಪರೇಷನ್ನನ್ನೂ ಮಾಡಿ ಮುಗಿಸಿದರು. ಒಪ್ಪಿಗೆ ಪತ್ರದಲ್ಲಿ ಗಂಡನ ಸಹಿ. ಅವಳಿಗೆ ಗೊತ್ತಾಗಿದ್ದು ತಿಂಗಳುಗಳಾದ ಮೇಲೆ, ಆರೋಗ್ಯ ಕಾರ್ಯಕರ್ತೆಯೊಬ್ಬರು ತಮ್ಮ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗುರುತು ಹಾಕುವುದನ್ನು ಕಂಡು ವಿಚಾರಿಸಿದಾಗ. ಅಣ್ಣ ಕಾಗದಪತ್ರ ಸೇರಿಸಿಕೊಂಡು ನನ್ನ ಹತ್ತಿರ ಕರೆತಂದ.

ನಲವತ್ತು ನಿಮಿಷ ಅಣ್ಣನ ಜೊತೆ ಮಾತಾಡಿದೆ. ಅವಳು ಎದುರಿನ ಕುರ್ಚಿಯಲ್ಲಿ ಕೂತು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು. ನಡುವೆ ಒಮ್ಮೆ ಅವಳತ್ತ ತಿರುಗಿ ನಕ್ಕಿದ್ದು ನೆನಪಿದೆ. ಈಗ ಯೋಚಿಸಿದರೆ ಆ ನಗುವೇ ಹೆಚ್ಚು ಚುಚ್ಚುತ್ತದೆ, ಮಗುವನ್ನು ನೋಡಿ ನಗುವ ಹಾಗೆ ನಕ್ಕಿದ್ದೆ. "ಅವಳಿಗೆ ಇದೆಲ್ಲ ಗೊತ್ತಾಗಲ್ಲ ಮೇಡಂ, ನೀವು ನೋಟಿಸು ಕಳಿಸಿ" ಅಂದ ಅಣ್ಣ. ಕೆಟ್ಟವನಲ್ಲ, ತಂಗಿಗಾಗಿ ಕೆಲಸ ಬಿಟ್ಟು ಓಡಾಡುತ್ತಿದ್ದವನು. ಕೊನೆಗೆ ವಕಾಲತ್‌ನಾಮೆಯನ್ನು ಅವಳ ಮುಂದಿಟ್ಟೆ. ಅವನು ಬೆರಳು ತೋರಿಸಿದಲ್ಲಿ ಅವಳು ಸಹಿ ಹಾಕಿದಳು. ಆಸ್ಪತ್ರೆಯವರು ಅವಳ ಸಹಿಯನ್ನೂ ಕೇಳಿರಲಿಲ್ಲ. ನಾನು ಸಹಿ ಕೇಳಿದ್ದೆ, ಮಾತು ಕೇಳಿರಲಿಲ್ಲ.

ಕಾನೂನು ನನ್ನ ಕಡೆಗಿತ್ತು ಎಂಬ ಭರವಸೆ ಬೇರೆ. ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತೀರ್ಪು 2008ರ ಜನವರಿಯಲ್ಲೇ ಬಂದಿತ್ತು: ರೋಗಿ ವಯಸ್ಕಳಾಗಿದ್ದು ತಾನೇ ತೀರ್ಮಾನಿಸಬಲ್ಲಳಾದರೆ, ಜೀವಕ್ಕೆ ತುರ್ತಿಲ್ಲದಿರುವಾಗ ಅವಳ ಬದಲು ತಾಯಿ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲ. 2009ರ ಆಗಸ್ಟ್‌ನಲ್ಲಿ ಸುಚಿತಾ ಶ್ರೀವಾಸ್ತವ ಪ್ರಕರಣ. ಚಂಡೀಗಢದ ಸರ್ಕಾರಿ ಆಶ್ರಯಧಾಮದಲ್ಲಿದ್ದ, ಬೌದ್ಧಿಕ ಅಂಗವೈಕಲ್ಯವಿದ್ದ ಯುವತಿಯೊಬ್ಬಳು ಅತ್ಯಾಚಾರದಿಂದ ಗರ್ಭಿಣಿಯಾಗಿದ್ದಳು. ಗರ್ಭ ತೆಗೆಸಿ ಎಂದು ಹೈಕೋರ್ಟ್ ಆದೇಶಿಸಿತ್ತು. ಆ ಯುವತಿ ಮಗು ಬೇಕೆಂದಿದ್ದಳು. ಗರ್ಭಪಾತ ಕಾಯ್ದೆಯಲ್ಲಿ ಪೋಷಕರ ಒಪ್ಪಿಗೆ ಸಾಕೆಂದು ಹೇಳಿರುವುದು ಅಪ್ರಾಪ್ತರಿಗೆ ಮತ್ತು ಮಾನಸಿಕ ಅಸ್ವಸ್ಥರಿಗೆ. 2002ರ ತಿದ್ದುಪಡಿಯ ನಂತರ ಆ ಪದದೊಳಗೆ ಬುದ್ಧಿಮಾಂದ್ಯತೆ ಸೇರುವುದಿಲ್ಲ, ಹಾಗಾಗಿ ಅವಳ ಮಾತೇ ಅಂತಿಮ ಎಂದಿತು ಸುಪ್ರೀಂ ಕೋರ್ಟ್. ಈ ಎರಡು ತೀರ್ಪುಗಳ ಸಾಲುಗಳನ್ನು ನೋಟಿಸಿನಲ್ಲಿ ಧಾರಾಳವಾಗಿ ಎತ್ತಿ ಹಾಕಿದ್ದೆ. "ನನ್ನ ಕಕ್ಷಿದಾರಳ ಮಾತನ್ನು ಕೇಳದೆ" ಎಂಬ ಪದಗಳನ್ನು ದಪ್ಪಕ್ಷರದಲ್ಲಿ ಟೈಪು ಮಾಡಿಸಿದ್ದೆ.

ಎಂಟು ತಿಂಗಳ ಮೇಲೆ, ಆಸ್ಪತ್ರೆಯ ಉತ್ತರ ಬಂದು ಅಫಿಡವಿಟ್ಟು ತಯಾರಿಸುವಾಗ, ಅವಳ ಶಾಲೆಯ ಟೀಚರೊಬ್ಬರು ಸಿಕ್ಕರು. ಅವರ ಅಪ್ಪ ಅಮ್ಮ ಇಬ್ಬರೂ ಕಿವುಡರು, ಸನ್ನೆ ಭಾಷೆ ಅವರಿಗೆ ಮನೆಮಾತು. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲ ಸಲ ಅವಳನ್ನೇ ಕೇಳಿದೆ, ಏನಾಯಿತು ಅಂತ. ಒಂದೂವರೆ ಗಂಟೆ ಹೇಳಿದಳು. ಮೊದಲ ಅರ್ಧ ಗಂಟೆ ಆಪರೇಷನ್ನಿನ ಸುದ್ದಿಯೇ ಇಲ್ಲ, ಎಲ್ಲ ಮಗುವಿನದು. ಹುಟ್ಟಿದ ಮಗುವನ್ನು ಎತ್ತಿಕೊಂಡು ಹೋದರು, ಬೆಳಗಿನಿಂದ ಸಂಜೆಯವರೆಗೆ ತಂದು ತೋರಿಸಲಿಲ್ಲ. ಎಲ್ಲರ ಮುಖದ ಮೇಲೂ ಮಾಸ್ಕು, ತುಟಿ ಓದೋಣವೆಂದರೆ ತುಟಿಯೇ ಇಲ್ಲ. ನರ್ಸ್ ಒಬ್ಬಳು ಕೈ ಅಡ್ಡಡ್ಡ ಆಡಿಸಿದಳು. ಅದು "ಏನೂ ಆಗಿಲ್ಲ" ಎಂದೋ "ಮಗು ಇಲ್ಲ" ಎಂದೋ? ಸಂಜೆ ಮಗು ಕೈಗೆ ಬರುವವರೆಗೆ ಅವಳು ಎರಡನೆಯದನ್ನೇ ನಂಬಿಕೊಂಡಿದ್ದಳು.

(ವರ್ಷಗಳಾದ ಮೇಲೆ ಕೆನಡಾದ ಸುಪ್ರೀಂ ಕೋರ್ಟಿನ 1997ರ ಎಲ್‌ಡ್ರಿಜ್ ತೀರ್ಪನ್ನು ಪೂರ್ತಿ ಓದುವಾಗ ನನ್ನ ಕೈ ನಿಂತುಹೋಯಿತು. ಅಲ್ಲೂ ಒಬ್ಬ ಕಿವುಡ ತಾಯಿ, ದಿನ ತುಂಬುವ ಮೊದಲೇ ಹುಟ್ಟಿದ ಅವಳಿಮಕ್ಕಳು. ಒಂದು ಮಗುವಿನ ಎದೆಬಡಿತ ಇಳಿದಿದೆಯೆಂದು ನರ್ಸ್ ಕೈಸನ್ನೆಯಲ್ಲಿ ತೋರಿಸಿದ್ದಳು. ಹುಟ್ಟಿದೊಡನೆ ಮಕ್ಕಳನ್ನು ಒಯ್ದರು, ಆಮೇಲೆ ಚೆನ್ನಾಗಿವೆ ಎಂದು ಒಂದು ಚೀಟಿ ಬರೆದುಕೊಟ್ಟರು, ಅಷ್ಟೇ. ಆಸ್ಪತ್ರೆಯಲ್ಲಿ ಸನ್ನೆ ಭಾಷೆಯ ದುಭಾಷಿ ಇಲ್ಲದಿರುವುದು ಸಮಾನತೆಯ ಹಕ್ಕಿನ ಉಲ್ಲಂಘನೆ ಎಂದು ಆ ನ್ಯಾಯಾಲಯ ಒಕ್ಕೊರಲಿನಿಂದ ಹೇಳಿತು. 2010ರಲ್ಲಿ ಆ ತೀರ್ಪಿಗೆ ಹದಿಮೂರು ವರ್ಷ ಆಗಿತ್ತು. ಮಗುವಿನ ವಿಷಯ ಅಣ್ಣನಿಗೆ ಗೊತ್ತಿರಲಿಲ್ಲ, ಅವನು ಹೇಳಲಿಲ್ಲ. ಆದ್ದರಿಂದ ನನ್ನ ನೋಟಿಸಿನಲ್ಲಿ ಅದು ಇರಲೇ ಇಲ್ಲ.)

ಪರಿಹಾರ ಎಷ್ಟು ಕೇಳೋಣ ಎಂದಾಗ ಅವಳು ಆ ಪ್ರಶ್ನೆಯನ್ನು ಪಕ್ಕಕ್ಕೆ ಸರಿಸಿ ತನ್ನದೊಂದನ್ನು ಇಟ್ಟಳು. ಟೀಚರ್ ಕನ್ನಡಕ್ಕೆ ತಂದರು: "ಆಸ್ಪತ್ರೆಯವರು ನನ್ನ ಗಂಡನನ್ನು ಕೇಳಿದರಾ, ಇಲ್ಲಾ ನನ್ನ ಗಂಡನೇ ಹೋಗಿ ಹೇಳಿದನಾ?" ನನಗೆ ಅದು ಕೇಸಿಗೆ ಸಂಬಂಧವಿಲ್ಲದ ಪ್ರಶ್ನೆ ಅನ್ನಿಸಿತು. ಯಾರು ಮೊದಲು ಬಾಯಿ ಬಿಟ್ಟರೂ ಅವಳ ಒಪ್ಪಿಗೆ ಇರಲಿಲ್ಲ ತಾನೆ? ಅವಳು ಕೇಸ್ ಶೀಟ್ ಕೇಳಿದಳು. ಒಂದೊಂದು ಪುಟವನ್ನೂ ಟೀಚರ್ ಸನ್ನೆಯಲ್ಲಿ ಹೇಳುತ್ತ ಹೋದರು. ಒಪ್ಪಿಗೆ ಪತ್ರ ಬಂದಾಗ ಅವಳು ಟೀಚರ ಕೈ ಹಿಡಿದು ನಿಲ್ಲಿಸಿದಳು, ಗಂಡನ ಸಹಿಯ ಕೆಳಗೆ ಬೆರಳಿಟ್ಟಳು. ತಾರೀಖು ಹೆರಿಗೆಯ ಹಿಂದಿನ ದಿನದ್ದು. ಆ ಹಾಳೆಯನ್ನು ನಾನು ಹತ್ತಾರು ಸಲ ನೋಡಿದ್ದೆ. ಅವಳ ಸಹಿ ಇಲ್ಲದ್ದನ್ನು ಹುಡುಕುತ್ತಿದ್ದವಳಿಗೆ ಇರುವ ತಾರೀಖು ಕಂಡಿರಲಿಲ್ಲ. ಹಿಂದಿನ ದಿನ ಸಂಜೆ ಅವಳು ಅದೇ ವಾರ್ಡಿನಲ್ಲಿ ಎಚ್ಚರವಾಗಿ ಮಂಚದ ಮೇಲೆ ಕೂತಿದ್ದಳು.

ಕೇಸು ರಾಜಿಯಾಯಿತು. ದುಡ್ಡು ಬಂತು, ಅಣ್ಣನಿಗೆ ಸಮಾಧಾನವಾಯಿತು. ಅವಳು ಟೀಚರ ಜೊತೆ ಬಂದು ಆ ಒಂದು ಹಾಳೆಯ ಜೆರಾಕ್ಸ್ ತೆಗೆದುಕೊಂಡು ನಾಲ್ಕಾಗಿ ಮಡಚಿ ಪರ್ಸಿನಲ್ಲಿಟ್ಟುಕೊಂಡು ಹೋದಳು. ಅದನ್ನು ಏನು ಮಾಡಿದಳೋ ನಾನು ಕೇಳಲಿಲ್ಲ.

ಮೂರು ಇಪ್ಪತ್ತೈದು

ನಮ್ಮ ಕೆಲಸದಲ್ಲಿ ಇಪ್ಪತ್ತೈದು ಎಂಬ ಅಂಕಿಗೆ ಏನೋ ಯೋಗವಿದೆ. 1995ರ ಅಂಗವಿಕಲರ ಕಾಯ್ದೆಯಲ್ಲಿ ಆರೋಗ್ಯದ ಮಾತು ಬರುತ್ತಿದ್ದುದು 25ನೇ ಕಲಮಿನಲ್ಲಿ. ಅದರಲ್ಲಿ ಇದ್ದದ್ದು ಅಂಗವೈಕಲ್ಯ ಬಾರದಂತೆ ತಡೆಯುವುದು ಹೇಗೆ, ಬೇಗ ಪತ್ತೆ ಹಚ್ಚುವುದು ಹೇಗೆ ಎಂಬುದೇ. ಅಂಗವಿಕಲರಾಗಿ ಬದುಕಿರುವವರಿಗೆ ಜ್ವರ ಬಂದರೆ ಏನು ಮಾಡಬೇಕೆಂದು ಆ ಕಲಮು ಬಾಯಿ ಬಿಡುತ್ತಿರಲಿಲ್ಲ. 2006ರಲ್ಲಿ ಅಂಗವಿಕಲರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆಯ ಒಡಂಬಡಿಕೆ ಬಂತು, ಭಾರತ 2007ರ ಅಕ್ಟೋಬರ್‌ನಲ್ಲಿ ಅದನ್ನು ಅನುಮೋದಿಸಿತು. ಅದರಲ್ಲೂ ಆರೋಗ್ಯ 25ನೇ ವಿಧಿ. ಉಳಿದವರಿಗೆ ಸಿಗುವ ಗುಣಮಟ್ಟದ್ದೇ ಚಿಕಿತ್ಸೆ, ಅರಿತು ಕೊಟ್ಟ ಸ್ವಂತ ಒಪ್ಪಿಗೆ, ವಿಮೆಯಲ್ಲಿ ಭೇದ ಮಾಡದಿರುವುದು ಎಲ್ಲವೂ ಅಲ್ಲಿದೆ. ಆಮೇಲೆ ಹಳೇ ಕಾಯ್ದೆಯ ಜಾಗಕ್ಕೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಅದರಲ್ಲೂ ಆರೋಗ್ಯ 25ನೇ ಕಲಮು: ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳ ಎಲ್ಲ ಭಾಗಗಳಿಗೂ ಅಡೆತಡೆಯಿಲ್ಲದ ಪ್ರವೇಶ, ನೋಡುವುದರಲ್ಲಿ ಆದ್ಯತೆ. "ಎಲ್ಲ ಭಾಗ" ಎಂಬ ಆ ಎರಡು ಪದಗಳ ಮೇಲೆ ನಾನು ಎಷ್ಟು ಗಂಟೆ ವಾದ ಮಾಡಿದ್ದೇನೋ ಲೆಕ್ಕವಿಲ್ಲ. ಆಸ್ಪತ್ರೆಯವರ ಲೆಕ್ಕದಲ್ಲಿ ಭಾಗವೆಂದರೆ ಹೆಬ್ಬಾಗಿಲು. ಬಾಗಿಲಲ್ಲಿ ರ‍್ಯಾಂಪ್ ಹಾಕಿ ಫೋಟೊ ತೆಗೆದು ಲಗತ್ತಿಸುತ್ತಾರೆ, ಫೋಟೊದಲ್ಲೇ ರ‍್ಯಾಂಪಿನ ಬುಡದಲ್ಲಿ ಎರಡು ಸ್ಕೂಟರ್ ನಿಂತಿರುತ್ತವೆ.

ಕಾಯ್ದೆ ಕೊಟ್ಟಿದ್ದನ್ನು ನಿಯಮಾವಳಿ ಕಿತ್ತುಕೊಳ್ಳುವುದು ಇನ್ನೊಂದು ಕಥೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ನಾನು ಕೋರ್ಟಿನಲ್ಲಿ ಹೇಳಿಲ್ಲ, ಕಾರಿಡಾರಿನಲ್ಲಿ ಹೇಳಿದ್ದೇನೆ. ಪ್ರವೇಶ ಸೌಲಭ್ಯ ಕಡ್ಡಾಯ ಎಂದು ಕಾಯ್ದೆ ಹೇಳಿದರೆ, 2017ರ ನಿಯಮಾವಳಿಯ 15ನೇ ನಿಯಮ ಅದನ್ನು ಬರೀ ಮಾರ್ಗಸೂಚಿಯ ಮಟ್ಟಕ್ಕೆ ಇಳಿಸಿತ್ತು. ರಾಜೀವ್ ರಾತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಆ ನಿಯಮವನ್ನು ಕಾಯ್ದೆಗೆ ವಿರುದ್ಧವೆಂದು ಹೇಳಿ, ಮೂರು ತಿಂಗಳೊಳಗೆ ಕಡ್ಡಾಯ ಮಾನದಂಡ ರೂಪಿಸಲು ಸೂಚಿಸಿತು. ಅಲ್ಲಿಯವರೆಗೆ ಎದುರು ವಕೀಲರು "ಗೈಡ್‌ಲೈನ್ಸ್ ಮಾತ್ರ, ಮೈ ಲಾರ್ಡ್" ಎಂದು ಒಂದೇ ವಾಕ್ಯದಲ್ಲಿ ನನ್ನ ಇಪ್ಪತ್ತು ಪುಟಗಳನ್ನು ಮಡಚಿ ಇಡುತ್ತಿದ್ದರು.

ಹಳದಿ ಫೈಲಿನ ಹುಡುಗಿ ಇವತ್ತು ಬಂದಿದ್ದರೆ 2016ರ ಕಾಯ್ದೆಯ 10ನೇ ಕಲಮು ಸಿಗುತ್ತಿತ್ತು: ಅರಿತು ಕೊಟ್ಟ ಒಪ್ಪಿಗೆಯಿಲ್ಲದೆ ಅಂಗವಿಕಲರಿಗೆ ಸಂತಾನಶಕ್ತಿ ಕಳೆಯುವ ಚಿಕಿತ್ಸೆ ಮಾಡುವಂತಿಲ್ಲ. ಆದರೆ ಅದೇ ಕಾಯ್ದೆಯ 92ನೇ ಕಲಮಿನಲ್ಲಿ ಒಂದು ಬಿರುಕಿದೆ. ಅಂಗವಿಕಲ ಮಹಿಳೆಯ ಸ್ಪಷ್ಟ ಒಪ್ಪಿಗೆಯಿಲ್ಲದೆ ಗರ್ಭಪಾತ ಮಾಡಿದರೆ ಆರು ತಿಂಗಳಿಂದ ಐದು ವರ್ಷ ಜೈಲು. ಅಂಗವೈಕಲ್ಯ "ತೀವ್ರ"ವಾಗಿದ್ದು, ವೈದ್ಯರ ಅಭಿಪ್ರಾಯವೂ ಪೋಷಕರ ಒಪ್ಪಿಗೆಯೂ ಇದ್ದರೆ ಮಾತ್ರ ವಿನಾಯಿತಿ. ತೀವ್ರ ಎಂದು ನಿರ್ಧರಿಸುವವರು ಯಾರು? ಮತ್ತೆ ವೈದ್ಯರು ಮತ್ತು ಅಟೆಂಡರ್.

ಏಕವಚನ

ಕನ್ನಡದಲ್ಲಿ ಮಾತ್ರ ಕಾಣಿಸಿ ಇಂಗ್ಲಿಷಿನ ದಾಖಲೆಯಲ್ಲಿ ಕಾಣೆಯಾಗುವ ಒಂದು ಸಂಗತಿಯಿದೆ. ನಲವತ್ತೈದು ವರ್ಷದ ಬ್ಯಾಂಕ್ ಅಧಿಕಾರಿ, ಸೆರೆಬ್ರಲ್ ಪಾಲ್ಸಿ ಇರುವವರು, ಎದೆನೋವೆಂದು ಹೋದರೆ "ಎಲ್ಲಿ ನೋಯ್ತಿದೆ ನಿಂಗೆ? ಬಾಯಿ ತೆಗಿ ನೋಡೋಣ" ಅನ್ನುತ್ತಾರೆ. ಪಕ್ಕದಲ್ಲಿರುವ ಅವರ ಇಪ್ಪತ್ತರ ಮಗನಿಗೆ "ನೀವು ಹೊರಗಡೆ ಬಿಲ್ ಕಟ್ಟಿ ಬನ್ನಿ". ತಂದೆ ನೀನು, ಮಗ ನೀವು. ಪ್ರೀತಿಯಿಂದಲೇ ಹಾಗಂದೆ ಎನ್ನುತ್ತಾರೆ ಕೇಳಿದರೆ, ನಿಜವೂ ಇರಬಹುದು. ನಾನು ಅರ್ಜಿ ಬರೆಯುವುದು ಇಂಗ್ಲಿಷಿನಲ್ಲಿ. ಹೈಕೋರ್ಟಿನ ಮುಂದೆ ಈ ನೀನು-ನೀವು ಎರಡೂ ಒಂದೇ ಪದವಾಗಿ, ಅವಮಾನ ಸೋಸಿಹೋಗಿ, ಬರೀ ನಡೆದ ಸಂಗತಿ ಉಳಿಯುತ್ತದೆ. ಒಮ್ಮೆ ನ್ಯಾಯಮೂರ್ತಿಗಳು "ವೈದ್ಯರು ಇಷ್ಟು ಕೇಳಿದ್ದರಲ್ಲಿ ತಪ್ಪೇನಿದೆ?" ಅಂದರು. ಕನ್ನಡದಲ್ಲೇ ಓದಿ ಹೇಳಲು ಅನುಮತಿ ಕೇಳಿದೆ, ಓದಿದೆ. ಕೋರ್ಟ್ ಹಾಲಿನ ಕೊನೆಯಲ್ಲಿದ್ದ ಪೊಲೀಸ್ ಪೇದೆ ತಲೆ ಎತ್ತಿ ನೋಡಿದ. ನ್ಯಾಯಮೂರ್ತಿಗಳು ಏನೂ ಅನ್ನಲಿಲ್ಲ, ಮುಂದಿನ ಡೇಟ್ ಕೊಟ್ಟರು.

ವೃತ್ತಿ ಶುರುಮಾಡಿದಾಗ ನನ್ನ ಸೀನಿಯರ್ "ಇದರಲ್ಲಿ ಪುಣ್ಯ ಬರುತ್ತಮ್ಮಾ, ಫೀಸು ಬರಲ್ಲ" ಅಂದಿದ್ದರು. ಫೀಸಿನ ವಿಷಯ ಅವರು ಹೇಳಿದ್ದು ಸರಿ. ಪುಣ್ಯದ ವಿಷಯಕ್ಕೆ ನನ್ನ ತಕರಾರಿದೆ. ಜಮೀನಿನ ವ್ಯಾಜ್ಯ ನಡೆಸುವವರಿಗೆ ಯಾರೂ "ದೊಡ್ಡ ಸೇವೆ ಮಾಡ್ತಿದ್ದೀರಿ" ಅನ್ನುವುದಿಲ್ಲ. ಸೇವೆ ಅಂದ ಕೂಡಲೇ ಕಕ್ಷಿದಾರರು ಹಕ್ಕಿನ ಜಾಗದಿಂದ ಇಳಿದು ದಾನ ಪಡೆಯುವ ಸಾಲಿಗೆ ಬಂದು ನಿಲ್ಲುತ್ತಾರೆ. ಆಗಲೂ ಅವರನ್ನು ಯಾರೂ ನೀವು ಅನ್ನುವುದಿಲ್ಲ.

ಅಂದಾಜು 55

ಇನ್ನೊಬ್ಬರು ಕಕ್ಷಿದಾರರು ಮನೆಯಲ್ಲೇ ಗಣಿತದ ಪಾಠ ಹೇಳುತ್ತಾರೆ, ಬೆನ್ನುಹುರಿಗೆ ಪೆಟ್ಟಾಗಿ ವೀಲ್‌ಚೇರ್ ಬಳಸುವವರು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಆಸ್ಪತ್ರೆ ಸೇರಿದ್ದರು. ಅವರ ದಾಖಲೆಗಳನ್ನು ತರಿಸಿಕೊಂಡು ಓದುತ್ತಿದ್ದೆ. ಏಳು ವರ್ಷ, ಹನ್ನೊಂದು ಭೇಟಿ, ಹನ್ನೊಂದು ಕಡೆಯೂ ತೂಕದ ಮುಂದೆ ಒಂದೇ ಬರಹ: "55, ಅಂದಾಜು". ಮನುಷ್ಯರ ತೂಕ ಏಳು ವರ್ಷ ಕದಲದೆ ನಿಲ್ಲುವುದುಂಟೆ? ಕೇಳಿದೆ. "ನಿಂತುಕೊಳ್ಳಿ ಅಂತಾರೆ ಮೇಡಂ, ನಿಲ್ಲೋಕಾಗಲ್ಲ ಅಂತೀನಿ. ಹಳೇ ಚೀಟಿ ತಿರುವಿ ಅದನ್ನೇ ಬರ್ಕೋತಾರೆ" ಅಂದರು, ನಗುತ್ತ. ಆ ಕಾಯಿಲೆಗೆ ಕೊಡುವ ಎನಾಕ್ಸಪರಿನ್ ಇಂಜೆಕ್ಷನ್ನಿನ ಲೆಕ್ಕ ಕೆಜಿಗೆ ಒಂದು ಮಿಲಿಗ್ರಾಂ. ಅಂದಾಜು ತೂಕಕ್ಕೆ ಅಂದಾಜು ಮದ್ದು.

ಕೊನೆಗೆ ಅವರ ಹಳೇ ವಿದ್ಯಾರ್ಥಿಯೊಬ್ಬ ಕೆಲಸ ಮಾಡುವ ಗೋದಾಮಿಗೆ ಹೋದೆವು, ಮೂಟೆ ತೂಗುವ ತಕ್ಕಡಿಗೆ. ನೆಲಮಟ್ಟದ ಕಬ್ಬಿಣದ ಹಲಗೆ, ವೀಲ್‌ಚೇರ್ ಸಲೀಸಾಗಿ ಹತ್ತಿತು. 87 ತೋರಿಸಿತು. ಅವರನ್ನು ಮೂಟೆಗಳ ಮೇಲೆ ಕೂರಿಸಿ ಬರೀ ಕುರ್ಚಿಯನ್ನು ತೂಗಿದೆವು, 18. ಕಳೆದಾಗ 69. ಗಣಿತದ ಟೀಚರ್ ನನಗಿಂತ ಮೊದಲೇ ಲೆಕ್ಕ ಮುಗಿಸಿ ಸುಮ್ಮನಾಗಿದ್ದರು. ಆಮೇಲೆ "ಮೂಟೆಗೆ ಸಿಗೋ ಮರ್ಯಾದೆ ನೋಡಿ" ಅಂದರು. ಆ ವಾಕ್ಯವನ್ನು ಅರ್ಜಿಯಲ್ಲಿ ಹಾಕಬೇಕೆಂದು ಎಷ್ಟು ಆಸೆಯಾಯಿತೆಂದರೆ ಹಾಕಿಯೂ ಬಿಟ್ಟೆ, ಎರಡನೇ ಕರಡಿನಲ್ಲಿ ಹೊಡೆದುಹಾಕಿದೆ.

ಅಂಗವಿಕಲರ ರಾಜ್ಯ ಆಯುಕ್ತರ ಮುಂದೆ ದೂರು ಕೊಟ್ಟೆವು. ಅವರು ಮಾಡುವುದು ಶಿಫಾರಸು. ಆಸ್ಪತ್ರೆ ಅದನ್ನು ಪಾಲಿಸಿ ಮೂರು ತಿಂಗಳಲ್ಲಿ ವರದಿ ಕೊಡಬೇಕು, ಒಪ್ಪದಿದ್ದರೆ ಕಾರಣ ಹೇಳಬೇಕು. ಅಂಗವಿಕಲರ ಪ್ರವೇಶ ಸೌಲಭ್ಯ ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ ಆಕ್ಸೆಸ್ ಬೋರ್ಡ್, ಪರೀಕ್ಷಾ ಮಂಚ ನೆಲದಿಂದ 17 ಇಂಚಿಗೆ ಇಳಿಯುವಂತಿರಬೇಕೆಂದು 2024ರಲ್ಲಿ ಮಾನದಂಡ ಗೊತ್ತುಮಾಡಿದೆ. ಅದನ್ನೂ ಲಗತ್ತಿಸಿದ್ದೆ, ಏಕೆಂದರೆ ಈ ಆಸ್ಪತ್ರೆಯ ಮಂಚ ಅವರ ಕುರ್ಚಿಯ ತೋಳಿಗಿಂತ ಎತ್ತರವಿತ್ತು, ಹನ್ನೊಂದು ಭೇಟಿಯಲ್ಲಿ ಒಮ್ಮೆಯೂ ಅವರನ್ನು ಮಲಗಿಸಿ ನೋಡಿರಲಿಲ್ಲ. ಮಂಚ ಬರಲಿಲ್ಲ, ತೂಕದ ಯಂತ್ರ ಬಂತು. ವರದಿಯ ಜೊತೆ ಬಿಲ್ಲಿನ ಪ್ರತಿಯೂ ಬಂತು, ನಾವು ಗೆದ್ದೆವು. ಆರು ತಿಂಗಳ ಮೇಲೆ ಅವರು ಫೋನ್ ಮಾಡಿದರು. ಯಂತ್ರ ಸ್ಟೋರ್ ರೂಮಿನಲ್ಲಿದೆ, ಬೀಗದ ಕೈ ಇರುವವರು ರಜೆ. "ಈ ಸಲ ಏನು ಬರೆದರು?" ಎಂದೆ. "69, ಅಂದಾಜು" ಅಂದರು.

ಟ್ಯೂಬ್‌ಲೈಟು

ಹೊಸ ಆಫೀಸಿಗೆ ಬಂದ ಮೊದಲ ವಾರವೇ ಒಬ್ಬ ತಾಯಿ ಮಗನನ್ನು ಕರೆತಂದರು. ಮಗನಿಗೆ ಇಪ್ಪತ್ತೆರಡು, ಆಟಿಸಂ ಇದೆ. ಹಲ್ಲುನೋವು. ಹೋದ ಕಡೆಯಲ್ಲೆಲ್ಲ ಕುರ್ಚಿಯಲ್ಲಿ ಕೂರಿಸಿದೊಡನೆ ಒದ್ದಾಡಿ ಎದ್ದು ಓಡುತ್ತಾನೆ, ಪೂರ್ತಿ ಅರಿವಳಿಕೆ ಕೊಡದೆ ಮುಟ್ಟಲಾಗದು ಎನ್ನುತ್ತಾರೆ, ಅರಿವಳಿಕೆಗೆ ಡೇಟ್ ಕೊಡದೆ ನಾಲ್ಕು ತಿಂಗಳಾಯಿತು. ತಾಯಿ ಹೇಳುತ್ತ ಹೋದರು, ನಾನು ಬರೆದುಕೊಳ್ಳುತ್ತ ಹೋದೆ. ಪುಟದ ಅರ್ಧಕ್ಕೆ ಬಂದಾಗ ಮೇಲೆ ಬರೆದ ಸಾಲು ಕಣ್ಣಿಗೆ ಬಿತ್ತು: ಕಕ್ಷಿದಾರರು ಹೇಳುವುದೇನೆಂದರೆ.

ಪೆನ್ನು ಕೆಳಗಿಟ್ಟು ಅವನ ಕಡೆ ತಿರುಗಿ, "ನಿಮಗೆ ಅಲ್ಲಿ ಏನು ಕಷ್ಟ ಆಗುತ್ತೆ?" ಎಂದೆ. ಮಗನಿಗೆ ಬಹುವಚನ ಹಾಕಿದ್ದು ಕೇಳಿ ತಾಯಿ ನನ್ನ ಮುಖ ನೋಡಿದರು. ಅವನು ಮಾತಾಡಲಿಲ್ಲ. ಮುಂದಕ್ಕೂ ಹಿಂದಕ್ಕೂ ತೂಗುತ್ತ, ಹಣೆಯ ಮೇಲೆ ಅಂಗೈ ಅಡ್ಡ ಹಿಡಿದು ಕೂತಿದ್ದ. ಒಂದು ನಿಮಿಷ ಹೋಯಿತು, ಎರಡಾಯಿತು. ಹೊರಗೆ ಇನ್ನಿಬ್ಬರು ಕಾಯುತ್ತಿದ್ದರು. ತಾಯಿ ಬಾಯಿ ತೆರೆದರು, ನಾನು ಬೇಡವೆಂದು ಕಣ್ಣಲ್ಲೇ ತಡೆದೆ. ನಾಲ್ಕನೇ ನಿಮಿಷವೋ ಐದನೆಯದೋ, ಅವನು ಮೇಲೆ ಬೆರಳು ತೋರಿಸಿ "ಲೈಟು" ಅಂದ.

ಹೊಸ ಆಫೀಸಿನ ಟ್ಯೂಬ್‌ಲೈಟು ಮಿಣುಕುತ್ತದೆ, ಚೋಕು ಹಾಳಾಗಿದೆ, ಎಲೆಕ್ಟ್ರಿಷಿಯನ್‌ಗೆ ಹೇಳಬೇಕೆಂದುಕೊಂಡು ಮರೆತಿದ್ದೆ. ಎದ್ದು ಸ್ವಿಚ್ ಆರಿಸಿದೆ. ಕಿಟಕಿಯ ಬೆಳಕಿಗೆ ಅವನು ನಿಧಾನವಾಗಿ ಅಂಗೈ ಇಳಿಸಿದ. ತೂಗುವುದೂ ಕಡಿಮೆಯಾಯಿತು.

"ಅಲ್ಲೂ ಲೈಟು" ಅಂದ.